ಹೆಸರು ಹೇಳದ ಮೇಷ್ಟ್ರು

ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲಿಷ್ ಮೇಷ್ಟ್ರು ಕಾಲೇಜಿನಿಂದ ಬಂದವರೇ ಜಗಲಿಯಲ್ಲಿ ದಪ್ಪ ನಿಘಂಟು ಬಿಚ್ಚಿಕೊಂಡು ಫ್ರಾನ್ಸಿನ ಹಳೆಯ ಕಥನಕಾವ್ಯಗಳನ್ನು ಓದುತ್ತಿದ್ದರು. ಕುದುರೆಯೇರಿದ ವೀರರು, ಅವರು ಪ್ರೀತಿಸಿದ ರಾಣಿಯರು. ಕಷ್ಟದ ಪದವೊಂದರ ಅರ್ಥ ಹೊಳೆದರೆ ತೊಡೆ ತಟ್ಟಿಕೊಂಡು ನನ್ನನ್ನು ಕರೆಯುತ್ತಿದ್ದರು.

"ವೀರ ತನ್ನವಳ ಹೆಸರನ್ನ ನಾಲ್ಕು ಜನರೆದುರು ಹೇಳಬಾರದು ಮಾರಾಯ. ಹೇಳಿದ್ರೆ ಅವಳು ಕೈತಪ್ಪಿ ಹೋಗ್ತಾಳೆ."

"ಹಾಗಾದ್ರೆ ನಮ್ಮ ಬೀದಿ ಗಂಡಸರೆಲ್ಲ ವೀರರೇ ಸಾರ್," ಎಂದೆ. ಮೇಷ್ಟ್ರೂ ಹೆಂಡತಿಯನ್ನು 'ಇವಳೇ' ಎಂದೇ ಕರೆಯುತ್ತಿದ್ದರು.

ಒಮ್ಮೆ ಭದ್ರಾವತಿಯಲ್ಲಿ ಮದುವೆಯೂಟ ಮುಗಿಸಿ ಮೇಷ್ಟ್ರು, ಅವರ ಹೆಂಡತಿ, ನಾನು ಮೂವರೂ ಸ್ಟೇಷನ್ನಿಗೆ ಬಂದೆವು. ನೂಕುನುಗ್ಗಲಿನಲ್ಲಿ ರೈಲು ಹತ್ತಿ ನೋಡಿದರೆ ಮೇಷ್ಟ್ರ ಹೆಂಡತಿ ಇಲ್ಲ. ಮೇಷ್ಟ್ರು ಬಾಗಿಲಲ್ಲಿ ನಿಂತು "ಇವಳೇ!" ಎಂದು ಕೂಗಿದರು. ಪ್ಲಾಟ್‌ಫಾರಂನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು, ಆಕೆಯೊಬ್ಬರನ್ನು ಬಿಟ್ಟು. ರೈಲು ಸೀಟಿ ಹಾಕಿತು. ಆಗ ಹೆಸರು ಹಿಡಿದು ಕೂಗಿಯೇ ಬಿಟ್ಟರು.

ಓಡಿ ಬಂದು ಹತ್ತಿದ ಆಕೆ, "ಊರಿಗೆಲ್ಲ ಕೇಳೋ ಹಾಗೆ ಕೂಗೋದೇನ್ರೀ?" ಎಂದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

"ನೋಡಿದ್ಯಾ ಮಾರಾಯ, ಪದ್ಯದಲ್ಲೂ ಹೀಗೇ," ಎಂದರು ಮೇಷ್ಟ್ರು, ಪೆಚ್ಚಾಗಿ.

ಶಿವಮೊಗ್ಗ ಹತ್ತಿರವಾದಾಗ ಆಕೆ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು: "ಇನ್ನೊಂದ್ಸಲ ಕರೀರಿ. ಮೆಲ್ಲಗೆ."

ಮೇಷ್ಟ್ರು ಕರೆದರು. ಆ ಹೆಸರು ನನಗೂ ಕೇಳಿಸಿತು, ಇಲ್ಲಿ ಬರೆಯುವುದಿಲ್ಲ.