ರೋಬೋಟಿನ ಬೆನ್ನಿಗಿ ಪರ್ಸಿ ಕಲ್ಲು

ದೋಸ್ತರೇ, ಇವತ್ತ ಸೇಡಂದಾಗ ಶಾಲಿ ಮಕ್ಕಳ ರೋಬೋಟ್ ಸ್ಪರ್ಧೆ. ನಮ್ಮ ಶಹಾಬಾದಿನ ಹುಡುಗಿಯರ ರೋಬೋಟ್ ಡಬ್ಬಿ ಎತ್ತಿದ್ರ ಸಾಕು, ಮುಂದಕ್ಕ ಮುಗ್ಗರಿಸಾಕತ್ತಿತ್ತು. ತಂಡದ ಶಬಾನಾ ಅದರ ಬೆನ್ನಿಗಿ ನೆಲಕ್ಕ ಹಾಸೋ ಪರ್ಸಿ ಕಲ್ಲಿನ ಒಂದು ಚೂರು ಇಟ್ಟು ಟೇಪ್ ಸುತ್ತಿದಳು. ನಮ್ಮೂರಾಗ ಮಂಚ ಅಲುಗಾಡಿದ್ರೂ ಕಾಲಿನ ಕೆಳಗ ಪರ್ಸಿ ಚೂರೇ ಇಡೋದು! ರೋಬೋಟ್ ಗಟ್ಟಿ ನಿಂತಿತು.

ಆದ್ರ ನಿಯಮ ಒಂದದ: ಮುಂಜಾನಿ ತಪಾಸಣಿ ಆದಮ್ಯಾಲೆ ಒಂದು ಸ್ಕ್ರೂ ಬದಲಿಸಿದ್ರೂ ಮತ್ತ ತೋರಿಸಬೇಕು. ತಪಾಸಣಿ ಪಾಳಿ ಭಾಳ ಉದ್ದ. ಮೈಕಿನ್ಯಾಗ ಆಟಕ್ಕ ನಮ್ಮ ತಂಡದ ಹೆಸರು ಕೂಗಾಕತ್ತಿದ್ರು.

"ನಡಿಯವ್ವ, ಅಷ್ಟು ಸಣ್ಣ ಕಲ್ಲು ಯಾರ್ ನೋಡ್ತಾರ?" ಅಂದೆ, ಅವರ ಮಾಸ್ತರ ಆದ ನಾನು.

"ನೀವ್ ನೋಡೀರಲ್ರಿ ಸರ್!" ಅಂದಾಕಿನೇ ಹೋಗಿ ಪಾಳಿಗಿ ನಿಂತಳು.

ಆ ಆಟ ಕೈಬಿಟ್ಟು ಹೋಯ್ತು. ಪಾಳಿ ಬಂದಾಗ ತಪಾಸಣಿಯವರು "ಇದೇನವ್ವ?" ಅಂದ್ರು.

"ನಮ್ಮೂರ ಪರ್ಸಿ ರೀ. ತೂಕ ಹಾಕ್ರಿ."

ಅವರು ನಕ್ಕೋತ ತೂಗಿ, ಹೂಂ ಅಂದ್ರು. ಮುಂದಿನ ಆಟದಾಗ ಡಬ್ಬಿ ಒಂದೂ ಬಿಡ್ಲಿಲ್ಲ ನೋಡ್ರಿ!

ರೋಬೋಟಿಂದು ಎರಡನೇ ತಪಾಸಣಿ ಪಾಸಾಯ್ತು. ಮಾಸ್ತರಂದು ಇನ್ನೂ ಬಾಕಿ ಅದ.