ನಡುವೆ ಬಿದ್ದ ಚೆಂಡು

ಮೂವತ್ತಮೂರು ವರ್ಷ ಒಂದೇ ಒಂದು ಪದ ಕಲಿಸಿ ಸಂಬಳ ತೆಗೆದುಕೊಂಡ ಮೇಷ್ಟ್ರು ಈ ನಾಡಿನಲ್ಲಿ ನಾನೊಬ್ಬನೇ ಇರಬೇಕು. ಆ ಪದ ‘ನಂದು’. ಯಲಹಂಕದ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ, ಬಾಯಿಮಾತಿನಲ್ಲಿ ಪಿ.ಡಿ. ಸಾರ್, ಕೆಲಸದಲ್ಲಿ ವಾಲಿಬಾಲ್ ತಂಡದ ಕೋಚು. ಯಾರ ದೇಹಕ್ಕೆ ನಾನು ನಿರ್ದೇಶಕನಾಗಿದ್ದೆನೋ ಗೊತ್ತಿಲ್ಲ. ಈಗಂತೂ ನನ್ನ ಮಂಡಿಯೇ ನನ್ನ ಮಾತು ಕೇಳುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆಟ್ಟಿನ ಆಚೆಯಿಂದ ಚೆಂಡು ಬರುತ್ತದೆ. ಈಚೆ ಆರು ಜನ ನಿಂತಿರುತ್ತಾರೆ. ಯಾರು ತೆಗೆಯುತ್ತಾರೋ ಅವರು ಮೊದಲೇ ‘ನಂದು’ ಎಂದು ಕೂಗಬೇಕು. ಕೂಗದಿದ್ದರೆ ಇಬ್ಬರು ನುಗ್ಗಿ ತಲೆ ತಲೆ ಹೊಡೆದುಕೊಳ್ಳುತ್ತಾರೆ ಎಂದು ನೀವು ತಿಳಿದಿರಬಹುದು. ಅದು ಅಪರೂಪ. ಹೆಚ್ಚಾಗಿ ಇಬ್ಬರೂ ನಿಂತೇ ಬಿಡುತ್ತಾರೆ. ಚೆಂಡು ಇಬ್ಬರ ನಡುವೆ ನಿಧಾನವಾಗಿ ಬಂದು ನೆಲಕ್ಕೆ ಬೀಳುತ್ತದೆ. ಇಬ್ಬರಿಗೂ ಅದನ್ನು ಎತ್ತುವ ಶಕ್ತಿ ಇತ್ತು, ಇಬ್ಬರೂ ನೋಡುತ್ತಲೇ ಇದ್ದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಡೀ ಆಟದಲ್ಲಿ ನನ್ನ ಹೊಟ್ಟೆ ಉರಿಸಿದ್ದು ಇದೊಂದೇ ದೃಶ್ಯ. ನಮ್ಮ ಅಂಗಳಕ್ಕೆ ಬರುತ್ತಿದ್ದ ಹುಡುಗರು ನಾನಾ ಮನೆಯವರು. ಒಬ್ಬ ‘ಮೇರಾ’ ಅನ್ನುತ್ತಿದ್ದ, ಇನ್ನೊಬ್ಬ ‘ನಾದಿ’ ಅನ್ನುತ್ತಿದ್ದ. ಯಾವ ಭಾಷೆಯಾದರೂ ಸರಿ, ಬಾಯಿ ಬಿಡಿ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ.

ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರಿಗೆ ಇದರಿಂದ ಬಹಳ ಬೇಸರ. ಹಳೆಯ ಜ್ಞಾನಿಗಳೆಲ್ಲ ನಾನು ಎಂಬುದನ್ನೂ ನನ್ನದು ಎಂಬುದನ್ನೂ ಬಿಡು ಎಂದು ಹೇಳಿ ಹೋಗಿದ್ದಾರಷ್ಟೆ. ಬೆಳಗ್ಗೆ ತಾವು ಒಂದು ಗಂಟೆ ಕಷ್ಟಪಟ್ಟು ಹುಡುಗರಿಂದ ಬಿಡಿಸಿದ್ದನ್ನು ಸಂಜೆ ನಾನು ಮತ್ತೆ ಅಂಟಿಸುತ್ತೇನೆ ಎಂಬುದು ಅವರ ದೂರು. ಸೈಟಿನ ಮೇಲೆ ನಿಂತು ನಂದು ಅನ್ನುವುದು ಬೇರೆ, ಮೈಮೇಲೆ ಬರುವ ಚೆಂಡನ್ನು ನಂದು ಅನ್ನುವುದು ಬೇರೆ ಎಂದು ನಾನು ವಾದಿಸುತ್ತಿದ್ದೆ. ಮೊದಲನೆಯದು ಆಸೆ. ಎರಡನೆಯದು ತಲೆಯ ಮೇಲೆ ಹೊರೆ ಹಾಕಿಕೊಳ್ಳುವುದು, ತಪ್ಪಿದರೆ ಬೈಸಿಕೊಳ್ಳಲು ಒಪ್ಪಿಕೊಳ್ಳುವುದು. ಮೇಷ್ಟ್ರು ಒಪ್ಪಲಿಲ್ಲ. ಜ್ಞಾನಿಗಳು ವಾಲಿಬಾಲ್ ಆಡಿದ್ದರೆ ಒಪ್ಪುತ್ತಿದ್ದರು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಒಂದು ಅಂತರಕಾಲೇಜು ಫೈನಲ್ಲನ್ನು ನಾವು ಹೀಗೆಯೇ ಕಳೆದುಕೊಂಡೆವು. ಕೊನೆಯ ಸೆಟ್ಟಿನ ಕೊನೆಯ ಚೆಂಡು. ಇಮ್ತಿಯಾಜ್ ಒಂದು ಕಡೆ, ಅವನಿಗಿಂತ ಒಂದು ವರ್ಷ ದೊಡ್ಡವನಾದ ಪ್ರಕಾಶ ಇನ್ನೊಂದು ಕಡೆ. ನಡುವೆ ಚೆಂಡು ಬಿತ್ತು. ಬಸ್ಸಿನಲ್ಲಿ ಬರುವಾಗ ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ.

“ಅವ್ನು ಸೀನಿಯರ್ ಸಾರ್. ಅವ್ನ ಮುಂದೆ ನಾನ್ ಹೆಂಗ್ ಕೂಗೋದು?” ಅಂದ ಇಮ್ತಿಯಾಜ್.

“ಇವ್ನು ನನ್ಗಿಂತ ಚೆನ್ನಾಗಿ ತೆಗೀತಾನೆ ಸಾರ್. ಅದಕ್ಕೇ ಬಿಟ್ಟೆ,” ಅಂದ ಪ್ರಕಾಶ.

ಇಬ್ಬರೂ ಮರ್ಯಾದಸ್ಥರು. ಮರ್ಯಾದೆಯಿಂದಲೇ ಸೋತು ಬಂದಿದ್ದೆವು.

ಒಮ್ಮೆ ಕಣ್ಣಿಗೆ ಹತ್ತಿದರೆ ಇದು ಎಲ್ಲೆಲ್ಲೂ ಕಾಣುತ್ತದೆ. ಅಟ್ಟೂರಿನಲ್ಲಿ ನಾನಿರುವ ಕಟ್ಟಡದ ಮೆಟ್ಟಿಲಿನ ಬಲ್ಬು ಸುಟ್ಟುಹೋಗಿ ನಾಲ್ಕು ತಿಂಗಳಾಗಿತ್ತು. ಎಂಟು ಮನೆಯವರೂ ತಡವರಿಸಿಕೊಂಡೇ ಹತ್ತಿಳಿಯುತ್ತಿದ್ದರು, ಯಾರೋ ಹಾಕಿಸುತ್ತಾರೆ ಎಂದುಕೊಂಡು. ಆ ಎಂಟರಲ್ಲಿ ನಾನೂ ಒಬ್ಬ. ಊರಿಗೆಲ್ಲ ಬುದ್ಧಿ ಹೇಳುವವನು ಒಂದು ಬಲ್ಬು ತರಲಿಲ್ಲ.

ಬಲ್ಬಿನ ಮಾತು ಬಿಡಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸಂಕೋಚವಾದರೂ ಹೇಳಿಬಿಡುತ್ತೇನೆ.

ನಮ್ಮ ವಾಲಿಬಾಲ್ ಅಂಗಳದ ಪಕ್ಕದಲ್ಲೇ ಸಸ್ಯಶಾಸ್ತ್ರ ವಿಭಾಗದ ಕೈತೋಟ. ವಾರಕ್ಕೊಂದಾದರೂ ಕುಂಡ ಒಡೆಯುತ್ತಿತ್ತು. ವಿಮಲಾ ಮೇಡಂ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಬಂದು, “ಪಿ.ಡಿ. ಸಾರ್, ಇವತ್ತು ದಾಸವಾಳ ಹೋಯ್ತು,” ಎನ್ನುತ್ತಿದ್ದರು. ನಾನು ಮಾರನೆಯ ದಿನ ಹೊಸ ಕುಂಡ ತಂದಿಡುತ್ತಿದ್ದೆ. ಹೀಗೆ ಆರು ವರ್ಷ. ಒಟ್ಟಿಗೆ ಕ್ಯಾಂಟೀನಿನ ಟೀ, ಸಂಜೆ ಬಸ್ ಸ್ಟಾಪಿನವರೆಗೆ ನಡಿಗೆ. ಒಂದು ಸಲ ಅವರ ವಿದ್ಯಾರ್ಥಿಗಳ ಜೊತೆ ಪುಟ್ಟೇನಹಳ್ಳಿ ಕೆರೆಗೆ ಗಿಡ ನೋಡಲು ನಾನೂ ಹೋಗಿದ್ದೆ. ಯಾವ ಗಿಡದ ಹೆಸರೂ ನೆನಪಿಲ್ಲ. ಅವರು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆದದ್ದು ನೆನಪಿದೆ.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವರು, “ಹೋದ ಭಾನುವಾರ ಒಬ್ರು ಬಂದು ನನ್ನ ನೋಡ್ಕೊಂಡು ಹೋದ್ರು. ನಾನಿನ್ನೂ ಏನೂ ಹೇಳಿಲ್ಲ,” ಎಂದರು. ಹೇಳಿ ನನ್ನ ಮುಖ ನೋಡಿದರು.

ನಾನು ಏನೆಂದೆ ಗೊತ್ತೇ? “ಒಳ್ಳೇದಾಯ್ತಲ್ಲ ಮೇಡಂ. ನಮ್ಗೂ ಒಂದು ಮದುವೆ ಊಟ ಸಿಕ್ತು.”

ಆಮೇಲೆ ಬಸ್ಸು ಬಂತು. ಊಟವೂ ಸಿಕ್ಕಿತು, ಹೋಳಿಗೆ ಚೆನ್ನಾಗಿತ್ತು. ಅವರು ಮದುವೆಯಾಗಿ ಬಾಗಲಗುಂಟೆಗೆ ಹೋದರು, ಕಾಲೇಜೂ ಬದಲಾಯಿಸಿಕೊಂಡರು. ಮದುಮಗ ರುದ್ರೇಶ್, ಹಾರ್ಡ್‌ವೇರ್ ಅಂಗಡಿಯವರು. ಸಾಲಿನಲ್ಲಿ ನಿಂತು ಅಕ್ಷತೆ ಹಾಕುವಾಗಲೇ ನನ್ನ ಕಣ್ಣು ಅವರ ಎತ್ತರ ಅಳೆದಿತ್ತು. ನೆಟ್ಟಿಗೆ ಕೈ ಎಟುಕುವ ಆಳಲ್ಲ, ನನ್ನ ತಂಡಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆವತ್ತು ಬಸ್ ಸ್ಟಾಪಿನಲ್ಲಿ ಮೇಡಂ ಬರೀ ಸುದ್ದಿ ಹೇಳಿದ್ದಿರಬಹುದು, ಬೇರೇನೂ ಇರಲಿಕ್ಕಿಲ್ಲ ಎಂದು ನಾನು ನನಗೆ ಹೇಳಿಕೊಳ್ಳುತ್ತಾ ಬಂದೆ. ಎಷ್ಟು ವರ್ಷ ಹೇಳಿಕೊಂಡರೂ ಅದು ಪೂರ್ತಿ ಒಳಗೆ ಇಳಿಯಲಿಲ್ಲ. ನಾನು ಮದುವೆಯಾಗಲಿಲ್ಲ. ಯುಗಾದಿಗೆ, ದೀಪಾವಳಿಗೆ ಒಂದೊಂದು ಶುಭಾಶಯ ಕಳಿಸಿಕೊಳ್ಳುವಷ್ಟು ಪರಿಚಯ ಉಳಿದಿತ್ತು.

ನಿವೃತ್ತಿಯಾಗಿ ಎರಡು ವರ್ಷ. ಸಂಜೆ ನಾಲ್ಕೂವರೆ ಎಂದರೆ ಈಗಲೂ ಕಷ್ಟ. ಆ ಹೊತ್ತಿಗೆ ಅಂಗಳದಲ್ಲಿ ನೆಟ್ಟು ಕಟ್ಟುತ್ತಿದ್ದವನು ಈಗ ಬಾಲ್ಕನಿಯಲ್ಲಿ ಕೂತು ಎದುರುಮನೆಯ ಬಟ್ಟೆ ಒಣಗುವುದನ್ನು ನೋಡುತ್ತೇನೆ. ಇಡೀ ದಿನ ಯಾರ ಹತ್ತಿರವೂ ಮಾತಾಡದೆ, ರಾತ್ರಿ ಹಾಲಿನ ಪ್ಯಾಕೆಟ್ಟಿಗೆ ಹೋದಾಗ ಗಂಟಲಿನಿಂದ ಸ್ವರವೇ ಬರದೆ ಕೆಮ್ಮಿ ಸರಿಮಾಡಿಕೊಂಡದ್ದುಂಟು. ನೂರಾರು ಹುಡುಗರಿಗೆ ಕಿರುಚುತ್ತಿದ್ದ ಗಂಟಲದು. ಒಂಟಿತನ ಎಂಬುದಕ್ಕೆ ನನಗೆ ತಿಳಿದ ಅರ್ಥ ಇಷ್ಟೆ.

ಹಳೆಯ ಆಟಗಾರರದೊಂದು ವಾಟ್ಸಾಪ್ ಗುಂಪಿದೆ, ನೂರು ಚಿಲ್ಲರೆ ಜನ. ಬಲ ಮಂಡಿ ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿದಾಗ ಅದರಲ್ಲಿ ಬರೆದೆ: ‘ಗುರುವಾರ ಒಂದು ಸಣ್ಣ ಆಪರೇಷನ್. ಯಾರೂ ತೊಂದರೆ ತಗೋಬೇಡಿ.’ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಆರ್.ಟಿ. ನಗರದಲ್ಲಿ ಟೈರಿನ ಅಂಗಡಿ ಇಟ್ಟಿರುವ ಇಮ್ತಿಯಾಜ್ ಫೋನೇ ಮಾಡಿದ.

“ಸಾರ್, ನಿಮ್ ಜೊತೆ ಯಾರಾದ್ರೂ ಇರ್ತಾರಲ್ಲ?”

“ಇದಾರೆ ಕಣೋ, ಇದಾರೆ,” ಎಂದೆ.

ಯಾರೂ ಇರಲಿಲ್ಲ. ಬುಧವಾರ ನಾನೇ ಆಟೋ ಹಿಡಿದು ಹೆಬ್ಬಾಳದ ಆಸ್ಪತ್ರೆಗೆ ಹೋಗಿ ಸೇರಿಕೊಂಡೆ. ಹಸಿರು ಅಂಗಿ ಹಾಕಿಸಿ ಮಂಚದ ಮೇಲೆ ಕೂರಿಸಿದ ನರ್ಸಮ್ಮ, “ಅಂಕಲ್, ನಿಮ್ ಅಟೆಂಡರ್ ಎಲ್ಲಿ?” ಎಂದು ಕೇಳಿದಳು. ಬರ್ತಾರಮ್ಮ ಎಂದೆ. ಮಧ್ಯಾಹ್ನ ಮತ್ತೆ ಕೇಳಿದಳು, ಮತ್ತೆ ಬರ್ತಾರೆ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ, ಹೇಳಿದಳು. ಸಂಜೆ ಆರರೊಳಗೆ ಜೊತೆಯವರು ಬಂದು ಸಹಿ ಹಾಕದಿದ್ದರೆ ನಾಳೆಯ ಆಪರೇಷನ್ ಇಲ್ಲ.

ಮೊದಲು ಸಿಟ್ಟು ಬಂತು. ನೂರು ಜನರಲ್ಲಿ ಒಬ್ಬನಾದರೂ ಬರಬಾರದೇ ಎಂದು. ಆಮೇಲೆ ಕೋಚಿನ ಬುದ್ಧಿ ಎಚ್ಚರವಾಯಿತು. ಒಬ್ಬೊಬ್ಬನೂ ಇನ್ನೊಬ್ಬ ಹೋಗಿರುತ್ತಾನೆ ಎಂದುಕೊಂಡಿರುತ್ತಾನೆ. ಹಾಗೆ ಅಂದುಕೊಳ್ಳಲು ಹೇಳಿದವನು ನಾನೇ. ಇಮ್ತಿಯಾಜನಿಗೆ ಮತ್ತೆ ಫೋನ್ ಮಾಡೋಣವೆಂದರೆ ಸುಳ್ಳು ಹೇಳಿದ ಬಾಯಿ ಅಡ್ಡ ಬಂತು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲೆ ಕೆಳಗೆ ಮಾಡಿದೆ. ನಾನು ಸುಳ್ಳು ಹೇಳದೆ ಉಳಿದಿದ್ದ ಹೆಸರು ಒಂದೇ ಕಂಡಿತು. ಸುಮ್ಮನಿದ್ದದ್ದು ಸುಳ್ಳಲ್ಲ ಎಂದು ಲೆಕ್ಕ ಹಿಡಿದರೆ.

“ಮೇಡಂ, ನಾಳೆ ನನ್ಗೆ ಮಂಡಿ ಆಪರೇಷನ್. ಜೊತೆಗೆ ಯಾರೂ ಇಲ್ಲ. ಬರ್ತೀರಾ?” ಎಂದು ಒಂದೇ ಉಸಿರಿಗೆ ಹೇಳಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು.

“ಮೊದ್ಲೇ ಹೇಳೋಕೇನಾಗಿತ್ತು ನಿಮ್ಗೆ?” ಎಂದರು. ಆಮೇಲೆ ಆಸ್ಪತ್ರೆ ಯಾವುದು, ವಾರ್ಡು ಯಾವುದು ಎಂದು ಕೇಳಿ ಬರೆದುಕೊಂಡರು.

ಐದೂವರೆಗೆ ಬಾಗಿಲಲ್ಲಿ ಕಾಣಿಸಿದ್ದು ಅವರಲ್ಲ, ರುದ್ರೇಶ್. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಹೊದಿಕೆ ಇದ್ದ ಚೀಲ. “ಮಗಳ ಬಾಣಂತನ ನಡೀತಿದೆ ಸಾರ್. ಮಗು ಬಿಟ್ಟು ಅವ್ಳು ಬರೋ ಹಾಗಿಲ್ಲ. ಅಂಗಡೀಲಿ ಹುಡುಗ್ರಿದಾರೆ, ನಾನೇ ಬಂದೆ. ಪರವಾಗಿಲ್ವಾ?”

ಪರವಾಗಿಲ್ಲ ಎನ್ನದೆ ಏನೆನ್ನಲಿ? ಕನ್ನಡಕ ಹಾಕಿಕೊಂಡು ಅವರು ಅರ್ಜಿ ತುಂಬಿದರು. ಸಂಬಂಧ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನಾನು ಫ್ಯಾನು ನೋಡತೊಡಗಿದೆ. “ಬೇಕಾದವರು ಅಂತ ಬರೀತೀನಿ ಸಾರ್, ಸಾಕಲ್ಲ?” ಎಂದು ತಾವೇ ಬರೆದು ಸಹಿ ಹಾಕಿದರು.

ಮನೆಯಿಂದ ತಂದ ಇಡ್ಲಿ ತಿನ್ನುತ್ತಾ, ಮಾತಿಗೆ ಮಾತು ಬರಲೆಂದು, ನಿಮ್ಮ ಮದುವೆ ಹೇಗೆ ಕೂಡಿಬಂತು ಎಂದು ಕೇಳಿದೆ.

“ನೋಡೋಕೆ ಹೋದ ದಿನ ಅವ್ಳು ತಲೇನೇ ಎತ್ಲಿಲ್ಲ ಸಾರ್. ಹುಡುಗೀಗೆ ಇಷ್ಟ ಇಲ್ಲ, ನಡಿ ಅಂದ್ರು ನಮ್ಮಪ್ಪ. ಚಪ್ಪಲಿ ಹಾಕ್ಕೊಂಡಿದ್ದೆ. ಬಿಟ್ಟು ಮತ್ತೆ ಒಳಗೆ ಹೋಗಿ ನಾನೇ ಕೇಳ್ದೆ, ಎಲ್ರ ಮುಂದೇನೇ. ಇಲ್ಲ ಅಂತಾಳೆ ಅಂತ್ಲೇ ಕೇಳಿದ್ದು.”

“ಏನಂದ್ರು?”

“ಒಂದು ವಾರ ಟೈಮ್ ಕೊಡಿ ಅಂದ್ಲು.” ಅವರು ಚಟ್ನಿ ನನ್ನ ಕಡೆ ಸರಿಸಿದರು. “ಒಂದು ವಾರ ಯಾಕೆ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ ಸಾರ್. ಕೇಳೋದೂ ಇಲ್ಲ.”

ಇಡ್ಲಿ ಗಂಟಲಲ್ಲಿ ನಿಂತಿತು. ಅವರು ಫ್ಲಾಸ್ಕಿನಿಂದ ನೀರು ಬಗ್ಗಿಸಿ ಕೊಟ್ಟರು. ಇಷ್ಟು ವರ್ಷ ನಾನು ಸುದ್ದಿ ಎಂದು ಹೇಳಿಕೊಂಡು ಬಂದದ್ದು ಸುದ್ದಿಯಾಗಿರಲಿಲ್ಲ ಎಂದು ಗೊತ್ತಾದ ಹೊತ್ತಿನಲ್ಲಿ ನನ್ನ ಬೆನ್ನು ಸವರುತ್ತಿದ್ದದ್ದು ರುದ್ರೇಶರ ಕೈ. ನಾನು ಅತ್ತುಬಿಟ್ಟೆ. ಮಂಡಿ ನೋವಾ ಸಾರ್ ಎಂದು ಕೇಳಿದರು. ಹೌದು ಎಂದೆ.

ಆಪರೇಷನ್ ಆಯಿತು. ಮೂರನೆಯ ದಿನ ಇಮ್ತಿಯಾಜ್ ಬಂದು, ಕಾಲೇಜಿನಲ್ಲಿ ನಾನು ಅವನಿಗೆ ಬೈದದ್ದನ್ನೆಲ್ಲ ಒಟ್ಟಿಗೆ ನನಗೆ ವಾಪಸು ಬೈದು ಹೋದ. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತೇನೆ. ಮನೆ ಅದೇ, ಬಾಲ್ಕನಿ ಅದೇ. ಮಂಡಿ ಬದಲಾದರೆ ಸಂಜೆ ಬದಲಾಗುವುದಿಲ್ಲ.

ಎಡ ಮಂಡಿಯೂ ಸವೆದಿದೆ, ಇನ್ನೊಂದು ವರ್ಷವೋ ಎರಡು ವರ್ಷವೋ ತಳ್ಳಬಹುದು ಎಂದು ಡಾಕ್ಟರು ಮೊನ್ನೆ ಹೇಳಿದರು. ಹೊರಗೆ ಬಂದವನೇ ರುದ್ರೇಶರಿಗೆ ಫೋನ್ ಮಾಡಿ, ಎಡಗಾಲಿನ ಆಪರೇಷನ್ನಿಗೂ ನೀವು ಬರಬೇಕು ಎಂದೆ.

“ಆಗ್ಲಿ ಸಾರ್, ಬರ್ತೀನಿ. ಯಾವತ್ತು?”

“ಇನ್ನೂ ಗೊತ್ತಿಲ್ಲ,” ಎಂದೆ. “ಮೊದ್ಲೇ ಹೇಳಿಟ್ಟಿರೋಣ ಅಂತ.”