ನಿನ್ನ ಕೈ ನಡುಗಿದ್ದಲ್ಲ, ಕೇಶವ

ಕೇಶವ, ಆ ತೋಟೆಗಳನ್ನು ಕೆಡಿಸಿದ್ದು ನಿನ್ನ ಕೈಯಲ್ಲ. ನಾನು. ಕೆಡಿಸಿದ್ದು ತಿಳಿಯದೆ — ತಿಳಿದ ಮೇಲೂ ಬಾಯಿ ಬಿಡದೆ ಕೂತದ್ದು ಮಾತ್ರ ತಿಳಿದೇ.

ಈ ಅರಬ್ಬಿ ಊರಿನ ಹಳೆಯ ಸಂತೆ ಸೂಕ್ ವಾಕಿಫನ್ನು ಕೆಡವಿ ಹಳೆಯ ಚೆಂದಕ್ಕೆ ಮತ್ತೆ ಕಟ್ಟುತ್ತಿದ್ದ ಕಾಲ ಅದು. ನೀನು ಶೂಟಿಂಗ್ ಕ್ಲಬ್ಬಿನಲ್ಲಿ ಅಭ್ಯಾಸದ ಪಿಸ್ತೂಲುಗಳಿಗೆ ತೋಟೆ ತುಂಬುತ್ತಿದ್ದೆ. ಹಾರಿಸಿ ಬಿದ್ದ ಹಿತ್ತಾಳೆಯ ಖಾಲಿ ಕವಚಗಳಿಗೆ, ಆ ಖೋಕಾಗಳಿಗೆ, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತುವುದು. ಕೇಶವನ ತೋಟೆಯಾದರೆ ಐದು ಗುಂಡೂ ಒಂದೇ ತೂತಿನಲ್ಲಿ ಹೋಗುತ್ತವೆ ಎಂದು ತರಬೇತುದಾರನೇ ಹೇಳುತ್ತಿದ್ದ. ಆ ಹೆಸರಿನ ಬಲದಿಂದಲೇ ನೀನು ನನ್ನನ್ನೂ ಕರೆಸಿಕೊಂಡದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಹತ್ತನೇ ಪಾಸು ಎಂದು ಹೇಳಿ.

"ಯಾರಾದರೂ ಕೇಳಿದರೆ ತಲೆ ಅಲ್ಲಾಡಿಸು ಸಾಕು ಅಣ್ಣ. ನಿನ್ನ ಮುಖ ನೋಡಿದರೆ ಹೆಡ್‌ಮಾಷ್ಟ್ರ ಹಾಗೆಯೇ ಉಂಟು" ಎಂದು ನೀನು ನಕ್ಕಿದ್ದೆ.

ನನ್ನ ಕೆಲಸ ಸುಲಭದ್ದು. ಉಗ್ರಾಣದಿಂದ ಖೋಕಾ ತಂದು, ತೊಳೆದು, ಒಣಗಿಸಿ, ನಿನ್ನ ಮೇಜಿನ ಮೇಲೆ ಹಲಗೆಯಲ್ಲಿ ಜೋಡಿಸುವುದು. ಒಂದು ದಿನ ನೀನು ಹೇಳಿದೆ — ಇನ್ನು ಹತ್ತನೇ ಡಬ್ಬಿಯಿಂದ ತೆಗೆ, ಅದರಲ್ಲಿ ಎಲ್ಲವೂ ಒಂದೇ ಕಂಪನಿಯವು. ಡಬ್ಬಿಗಳ ಮೇಲೆ ಅಂಕೆ ಬರೆಯುತ್ತಿದ್ದವನು ಉಗ್ರಾಣದ ಸುಡಾನಿ ಮುದುಕ. ಒಂದು ಡಬ್ಬಿಯಲ್ಲಿ ಒಂದು ಗೀಟು, ಪಕ್ಕದಲ್ಲಿ ಒಂದು ಚುಕ್ಕೆ. ಇನ್ನೊಂದರಲ್ಲಿ ಒಂದು ಗೀಟು, ಪಕ್ಕದಲ್ಲಿ ದುಂಡಗೆ ಸೊನ್ನೆ. ಒಂದರ ಮುಂದೆ ಸೊನ್ನೆ ಇದ್ದರೆ ಹತ್ತು — ನಾಲ್ಕನೇ ಕ್ಲಾಸಿಗೆ ಅಷ್ಟು ಗೊತ್ತಿತ್ತು. ನಾನು ಸೊನ್ನೆಯದ್ದನ್ನು ತಂದೆ. ಅದು ಗುಜರಿಗೆ ಹೋಗಬೇಕಾದ ಡಬ್ಬಿ. ಹಲವು ಕಂಪನಿಗಳ ಬೆರಕೆ, ಕೂದಲೆಳೆಯಷ್ಟು ಒಂದು ಉದ್ದ, ಒಂದು ಗಿಡ್ಡ, ಒಂದರ ಗೋಡೆ ದಪ್ಪ, ಇನ್ನೊಂದರದ್ದು ತೆಳು.

ಗುಂಡುಗಳು ಚದುರತೊಡಗಿದವು. ಒಂದು ಖೋಕಾ ಗುಂಡನ್ನು ಬಿಗಿಯಾಗಿ ಹಿಡಿದರೆ ಇನ್ನೊಂದು ಸಡಿಲವಾಗಿ ಹಿಡಿಯುತ್ತಿತ್ತು — ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಗುರಿಯ ಕಾಗದ ಬದಲಿಸುವ ಬಶೀರ್ ದಿನಾ ಕಿಚಾಯಿಸುತ್ತಿದ್ದ, ಕೇಶವನ ಗುಂಡಿಗೆ ಈಗ ಕಾಗದದಲ್ಲಿ ಜಾಗ ಸಾಲುವುದಿಲ್ಲ, ಪಕ್ಕದೂರು ವಕ್ರಾಕ್ಕೆ ತಿರುಗಾಡಲು ಹೋಗುತ್ತದೆ ಎಂದು. ನೀನು ಮಾತ್ರ ನಗಲಿಲ್ಲ. ಪಿಸ್ತೂಲನ್ನು ಮರಳಿನ ಚೀಲಕ್ಕೆ ಒರಗಿಸಿ ಹಾರಿಸಿ ನೋಡಿದೆ. ನಳಿಗೆ ಉಜ್ಜಿದೆ. ಮದ್ದಿನ ಪೊಟ್ಟಣ ಬದಲಿಸಿದೆ. ಎಸಿಯ ಗಾಳಿಗೆ ತಕ್ಕಡಿ ಅಲುಗುತ್ತದೇನೋ ಎಂದು ಆ ಸೆಖೆಯಲ್ಲಿ ಎಸಿ ನಿಲ್ಲಿಸಿ, ಬೆವರು ಮದ್ದಿಗೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿ, ಒಂದೊಂದು ತೋಟೆಯ ಮದ್ದನ್ನೂ ಎರಡೆರಡು ಸಲ ತೂಗಿದೆ.

ಒಂದನ್ನು ಮಾತ್ರ ನೋಡಲಿಲ್ಲ. ಖೋಕಾದ ಕಂಪನಿಯ ಹೆಸರು ಇರುವುದು ಅದರ ಬುಡದಲ್ಲಿ. ನಾನು ಬಾಯಿ ಮೇಲೆ ಮಾಡಿ ಜೋಡಿಸಿ ಕೊಡುತ್ತಿದ್ದೆ. ನೀನು ಒಂದನ್ನೂ ತಿರುಗಿಸಲಿಲ್ಲ. ಅಣ್ಣ ಕೊಟ್ಟದ್ದಲ್ಲವೇ...

ಮೂರನೇ ವಾರ ನೀನೇ ಹೋಗಿ ತರಬೇತುದಾರನಿಗೆ ಹೇಳಿದೆ, ನನ್ನ ಕೈ ನಡುಗುತ್ತಿರಬೇಕು, ಒಂದು ವಾರ ಬೇರೆಯವರು ತುಂಬಲಿ ಎಂದು. ಅದೇ ಸಂಜೆ ಅಲ್ ಅಜೀಜಿಯಾದ ನಮ್ಮ ಕೋಣೆಯ ಹತ್ತಿರ ಒಂದು ಪಿಕಪ್ ನಿಂತಿತ್ತು. ಅದರ ನಂಬರ್ ಪ್ಲೇಟಿನಲ್ಲಿ ಮೇಲೆ ಅರಬ್ಬಿ ಅಂಕೆ, ಕೆಳಗೆ ಇಂಗ್ಲಿಷಿನದ್ದು. ಮೇಲೆ ಸೊನ್ನೆ ಇರುವಲ್ಲಿ ಕೆಳಗೆ ಐದು. ಮೇಲೆ ಚುಕ್ಕೆ ಇರುವಲ್ಲಿ ಕೆಳಗೆ ಸೊನ್ನೆ. ಎರಡು ತಿಂಗಳಿನಿಂದ ಎಷ್ಟು ಪ್ಲೇಟುಗಳನ್ನು ಕಂಡಿದ್ದೆನೋ, ಓದಿದ್ದು ಅಂದೇ. ನಾನು ತರುತ್ತಿದ್ದದ್ದು ಹದಿನೈದನೇ ಡಬ್ಬಿಯಿಂದ.

ಆಗಲೇ ಹೇಳಬೇಕಿತ್ತು. ನೀನು ಒಳಗೆ ಅನ್ನಕ್ಕೆ ನೀರಿಟ್ಟು ಕೂತಿದ್ದೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟೆ — ಹೇಳಲಿಲ್ಲ. ಹತ್ತನೇ ಪಾಸಿನ ಸುಳ್ಳು ಬಯಲಾಗಿ ನಿನ್ನ ಮರ್ಯಾದೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ತಮ್ಮನ ಎದುರು ಅಂಕೆ ಓದಲು ಬಾರದವನಾಗಲು ನನಗೆ ನಾಚಿಕೆಯಾಗಿತ್ತು. ಅಷ್ಟೇ.

ಮರುದಿನ ಸದ್ದಿಲ್ಲದೆ ಚುಕ್ಕೆಯ ಡಬ್ಬಿ ತಂದೆ. ಇನ್ನು ಸರಿಯಾಗುತ್ತದೆ, ನಿನಗೆ ಸಂತೋಷವಾಗುತ್ತದೆ ಎಂದುಕೊಂಡೆ. ಈಗ ತುಂಬುತ್ತಿರುವುದು ನೀನಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ವಾರದ ಕೊನೆಗೆ ನಿನ್ನ ಬದಲಿಗೆ ಕೂತ ಫಿಲಿಪಿನೋ ಹುಡುಗ ತುಂಬಿದ ತೋಟೆಗಳು ಐದಕ್ಕೆ ಐದೂ ಒಂದೇ ತೂತಿನಲ್ಲಿ ಹೋದವು. ತರಬೇತುದಾರ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ನಿನ್ನ ಹೆಗಲ ಮೇಲೆ ಕೈ ಇಟ್ಟ. "ಖಲಾಸ್, ಕೇಶವ್. ಹಾಥ್ ಕಾ ಪ್ರಾಬ್ಲಮ್."

ನೀನು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ. ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ. ನಾನು ಹಲಗೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ನಿನ್ನನ್ನು ಗೇಟಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸಕ್ಕೆ ಹಾಕಿದರು. ಅದಕ್ಕಿಂತ ಹೆಚ್ಚಿನದ್ದು ಆಮೇಲೆ ನಡೆಯಿತು. ಚಹಾದ ಗ್ಲಾಸನ್ನು ನೀನು ಎರಡು ಕೈಯಲ್ಲಿ ಹಿಡಿಯತೊಡಗಿದೆ. ಎರಡು ವರ್ಷದ ನಂತರ ಆಸ್ಪತ್ರೆಯಲ್ಲಿ ನರ್ಸು ನಿನ್ನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ನಿನ್ನ ಕಡೆಗೆ ಚಾಚಿದಾಗ ನೀನು ಒಂದು ಹೆಜ್ಜೆ ಹಿಂದೆ ಸರಿದೆ.

"ನೀನೇ ಹಿಡಿ ಅಣ್ಣ. ನನ್ನ ಕೈ ನಂಬುವ ಹಾಗಿಲ್ಲ."

ನಾನು ಹಿಡಿದೆ, ಕೇಶವ. ಬೆಚ್ಚಗಿತ್ತು, ಹಗುರವಿತ್ತು. ನೀನು ನನ್ನ ತೋಳಿನ ಮೇಲಿನಿಂದ ಬಗ್ಗಿ ಅದರ ಮುಖ ನೋಡುತ್ತಿದ್ದೆ — ಆಗಲೂ ನಾನು ಹೇಳಲಿಲ್ಲ. ನಿನ್ನ ಮಗಳನ್ನು ಮೊದಲು ಎತ್ತಿಕೊಳ್ಳಬೇಕಾದವನು ನೀನು. ಅದನ್ನೂ ನಾನೇ ತೆಗೆದುಕೊಂಡೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಶುಕ್ರವಾರ ಅಲ್ ವುಕೈರಿನ ನಿನ್ನ ಮನೆಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಏಳು ಎಂದು ನೀನು ಹೇಳುವವರೆಗೆ ಏಳುವುದಿಲ್ಲ.